ಲೆಕ್ಕಕ್ಕುಂಟು, ಆಟಕ್ಕಿಲ್ಲ

ಕಳೆದ ತಿಂಗಳು ನಮ್ಮ ಆಫೀಸಿನ ಎಲ್ಲರಿಗೂ ಒಂದು ಮೇಲ್ ಬಂತು. 'ಈ ಸಂಸ್ಥೆ ನನ್ನದು ಎಂಬ ಭಾವನೆ ನಿಮಗಿದೆಯೇ? ಶುಕ್ರವಾರ ಸಂಜೆ ಐದರೊಳಗೆ ತಿಳಿಸಿ.' ಹೆಸರು ಬರೆಯಬೇಕಿಲ್ಲ, ಎಲ್ಲವೂ ಗುಟ್ಟಾಗಿರುತ್ತದೆ ಎಂದು ದಪ್ಪ ಅಕ್ಷರದಲ್ಲಿತ್ತು. ಮೊದಲ ಪ್ರಶ್ನೆ, ಯಾವ ವಿಭಾಗ? ಎರಡು, ಗಂಡೋ ಹೆಣ್ಣೋ? ಮೂರು, ವಯಸ್ಸು. ನಾಲ್ಕು, ಎಷ್ಟು ವರ್ಷದ ಸರ್ವಿಸ್?

ನಮ್ಮ ಅಕೌಂಟ್ಸಿನಲ್ಲಿ ಐವತ್ತು ದಾಟಿದ ಹೆಂಗಸು ಇರುವುದೇ ಒಬ್ಬರು. "ಇಷ್ಟೆಲ್ಲ ಸುತ್ತಿ ಬಳಸಿ ಕೇಳೋ ಬದಲು ಹೆಸರೇ ಕೇಳಬಹುದಿತ್ತಲ್ವಾ?" ಅಂದರು. ಆಮೇಲೆ ಎಲ್ಲದಕ್ಕೂ ಐದಕ್ಕೆ ಐದು ಕೊಟ್ಟು ಕಳಿಸಿಬಿಟ್ಟರು. ನಾನು ಸುಮ್ನೆ ಇದ್ದೆ. ಗುರುವಾರ ನನ್ನ ಹೆಸರು ಹಿಡಿದೇ ಇನ್ನೊಂದು ಮೇಲ್ ಬಂತು: 'ಈ ಅನಾಮಧೇಯ ಸಮೀಕ್ಷೆಯನ್ನು ನೀವಿನ್ನೂ ತುಂಬಿಲ್ಲ.'

ಫಲಿತಾಂಶ 4.6. ಹೋದ ವರ್ಷ 4.4 ಇತ್ತಂತೆ. ಅಂದರೆ ಒಂದು ವರ್ಷದಲ್ಲಿ ನಾವೆಲ್ಲ 0.2ರಷ್ಟು ಜಾಸ್ತಿ ಪರಸ್ಪರ ನಮ್ಮವರಾಗಿದ್ದೇವೆ. ಬಾಸ್ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು.

ಆ ಖುಷಿಗೆ ಆಳೆತ್ತರದ ಒಂದು ಸ್ಟ್ಯಾಂಡಿ ಬಂತು. 'ಇಲ್ಲಿ ಎಲ್ಲರಿಗೂ ಸ್ವಾಗತ' ಅಂತ ಏಳು ಬಣ್ಣದಲ್ಲಿ. ಹೊತ್ತು ತಂದ ಗುತ್ತಿಗೆ ಹುಡುಗನಿಗೆ ಸಮೀಕ್ಷೆಯ ಮೇಲ್ ಹೋಗಿರಲಿಲ್ಲ. ಅವನ ಟ್ಯಾಗಿನ ಬಣ್ಣವೇ ಬೇರೆ. ಬಾಗಿಲ ಹತ್ತಿರ ಎಲ್ಲಿ ನೋಡಿದರೂ ಮೆಟ್ಟಿಲು. ಮೆಟ್ಟಿಲಿಲ್ಲದ ಜಾಗ ಇದ್ದದ್ದು ರ್‍ಯಾಂಪ್ ಒಂದೇ. ಪಾಪ, ಅಲ್ಲೇ ನಿಲ್ಲಿಸಿದ.

ಆ ರ್‍ಯಾಂಪ್ ಬಳಸುವುದು ಡಿಸೈನ್ ವಿಭಾಗದ ನಮ್ಮ ಮೇಡಂ, ಗಾಲಿಕುರ್ಚಿಯಲ್ಲಿ. ಈಗ ದಿನಾ ಬೆಳಿಗ್ಗೆ ಕುರ್ಚಿಯ ಕಾಲುಪಟ್ಟಿಯಿಂದ 'ಸ್ವಾಗತ'ವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ ಒಳಗೆ ಬರುತ್ತಾರೆ. ಸಂಜೆಯೊಳಗೆ ಯಾರೋ ಮತ್ತೆ ಅದನ್ನು ನಡುಮಧ್ಯಕ್ಕೆ ಎಳೆದಿಟ್ಟಿರುತ್ತಾರೆ. ನಮ್ಮ ಕಂಪನಿಯ ಯಾವ ಪೋಸ್ಟರ್ ತೆಗೆದರೂ ಅವರದೇ ಮುಖ. ಐದು ವರ್ಷದಲ್ಲಿ ಅವರ ಫೋಟೊಗೆ ಮೂರು ಬಡ್ತಿ ಸಿಕ್ಕಿದೆ. ಮೊದಲು ನೋಟಿಸ್ ಬೋರ್ಡು, ಆಮೇಲೆ ಕೈಪಿಡಿಯ ಮುಖಪುಟ, ಈಗ ವೆಬ್‌ಸೈಟಿನ ನೆತ್ತಿ. ಅವರಿಗೆ ಮಾತ್ರ ಒಂದೂ ಸಿಕ್ಕಿಲ್ಲ.

ಇದೇನೂ ಹೊಸದಲ್ಲ. ಗುಂಪಿನಲ್ಲಿ ನೂರಕ್ಕೆ ಹದಿನೈದೋ ಅದಕ್ಕೂ ಕಡಿಮೆಯೋ ಇರುವವರು ತಾವಾಗಿ ಕಾಣುವುದಿಲ್ಲ, ತಮ್ಮಂಥವರೆಲ್ಲರ ಸ್ಯಾಂಪಲ್ಲಾಗಿ ಕಾಣುತ್ತಾರೆ ಎಂದು ಸಮಾಜಶಾಸ್ತ್ರಜ್ಞೆ ರೊಸಬೆತ್ ಮಾಸ್ ಕ್ಯಾಂಟರ್ 1977ರಲ್ಲೇ ಬರೆದಿದ್ದರು. ಅಂಥವರು ಎಲ್ಲರ ಕಣ್ಣಿಗೂ ಬೀಳುತ್ತಾರೆ, ಅವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಅದನ್ನು ನಮ್ಮ ಆಫೀಸುಗಳು ತಿರುಗಿಸಿ ಹಾಕಿವೆ. ಲೆಕ್ಕಕ್ಕೆ ಮಾತ್ರ ಎಲ್ಲರೂ ಬೇಕು.

ಇನ್ನು ತರಬೇತಿ. ಕಡ್ಡಾಯ, ಒಳಗೆ ಹೋಗುವಾಗ ಒಂದು ಸಹಿ, ಹೊರಗೆ ಬರುವಾಗ ಒಂದು. "ಕಣ್ಣು ಮುಚ್ಚಿ, ನಿಮ್ಮೊಳಗಿನ ಪೂರ್ವಗ್ರಹ ಹುಡುಕಿ" ಅಂದರು ಹೇಳಿಕೊಡಲು ಬಂದವರು. ಊಟದ ನಂತರದ ಹೊತ್ತು, ನನಗೆ ಸಿಕ್ಕಿದ್ದು ನಿದ್ದೆ. ನಮ್ಮ ಮ್ಯಾನೇಜರ್ ಮಾತ್ರ ಕೈ ಎತ್ತಿದರು. "ನನಗೆ ಪೂರ್ವಗ್ರಹ ಅಂತ ಏನೂ ಇಲ್ಲ. ಹೆಂಗಸರು ಬೇಗ ಕಣ್ಣೀರು ಹಾಕ್ತಾರೆ ಅನ್ನೋದು ಪೂರ್ವಗ್ರಹ ಅಲ್ಲ, ಅನುಭವ." ಅವರಿಗೂ ಪ್ರಮಾಣಪತ್ರ ಸಿಕ್ಕಿತು.

ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕ್ಯಾಲೆವ್ ಎಂಬಿಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದ 800ಕ್ಕೂ ಹೆಚ್ಚು ಕಂಪನಿಗಳ ಲೆಕ್ಕ ತೆಗೆದು 2016ರಲ್ಲಿ ಬರೆದರು. ಇಂಥ ತರಬೇತಿ ಕಡ್ಡಾಯ ಮಾಡಿ ಐದು ವರ್ಷ ಕಳೆದ ಮೇಲೆ ಮ್ಯಾನೇಜರುಗಳ ಪೈಕಿ ಕಪ್ಪು ಮಹಿಳೆಯರ ಪಾಲು ಏರಲಿಲ್ಲ, ಸರಾಸರಿ 9 ಶೇಕಡ ಇಳಿದಿತ್ತು. ಹಿರಿಯರೊಬ್ಬರು ಹೊಸಬರ ಬೆನ್ನಿಗೆ ನಿಂತು ದಾರಿ ತೋರಿಸುವ ಪದ್ಧತಿ ಇದ್ದ ಕಡೆ ಪರಿಸ್ಥಿತಿ ವಾಸಿ ಇತ್ತಂತೆ. ಆದರೆ ಅದಕ್ಕೆ ಸ್ಟ್ಯಾಂಡಿ ಮಾಡಿಸೋಕೆ ಆಗಲ್ಲ ನೋಡಿ.

ಆಮೇಲೆ ಕೆಲಸಕ್ಕೆ ಆರಿಸುವ ಶಾಸ್ತ್ರ. ಸಂದರ್ಶನ ಮುಗಿದ ಮೇಲೆ ಒಂದು ಮಾತು ಬರುತ್ತದೆ: "ಹುಡುಗಿ ಚೆನ್ನಾಗಿದ್ದಾಳೆ, ಆದ್ರೆ ನಮ್ಮ ವಾತಾವರಣಕ್ಕೆ ಹೊಂದಲ್ಲ." ಹೊಂದುವುದು ಅಂದರೆ ಬಾಸ್ ಜೋಕಿಗೆ ಹೊತ್ತಿಗೆ ಸರಿಯಾಗಿ ನಗುವುದು. ಎಷ್ಟೋ ಜನ ಈ ಹಂತದವರೆಗೂ ಬರುವುದೇ ಇಲ್ಲ. ಅಮೆರಿಕದ ಬಾಸ್ಟನ್ ಮತ್ತು ಶಿಕಾಗೋದಲ್ಲಿ ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಕಲ್ಪಿತ ಹೆಸರಿನಲ್ಲಿ ಸುಮಾರು 5,000 ಅರ್ಜಿ ಕಳಿಸಿ ನೋಡಿದರು, 2004ರಲ್ಲಿ ಪ್ರಕಟಿಸಿದರು. ಓದು, ಅನುಭವ ಒಂದೇ ಮಟ್ಟದ್ದು. ಹೆಸರು ಮಾತ್ರ ಬೇರೆ. ಬಿಳಿಯರದೆನಿಸುವ ಹೆಸರಿಗೆ ಸುಮಾರು 10 ಅರ್ಜಿಗೆ ಒಂದು ಕರೆ ಬಂತು. ಕಪ್ಪು ಜನರದೆನಿಸುವ ಹೆಸರಿಗೆ 15 ಅರ್ಜಿ ಬೇಕಾಯಿತು. ಅರ್ಜಿ ತಳ್ಳಿಹಾಕಿದವರಲ್ಲಿ ಎಷ್ಟು ಜನರ ಗೋಡೆ ಮೇಲೆ ತರಬೇತಿಯ ಪ್ರಮಾಣಪತ್ರ ಇತ್ತೋ!

ಮೊನ್ನೆ ನಮ್ಮಲ್ಲಿ ವೈವಿಧ್ಯ ಸಮಿತಿ ಆಯಿತು. ಏಳು ಜನ, ಏಳೂ ಜನ ಗಂಡಸರು, ಆರು ಜನ ಒಂದೇ ಕಾಲೇಜು. ಏಳನೆಯವರ ಕಾಲೇಜು ಬೇರೆ; ವೈವಿಧ್ಯ ಅಂದರೆ ಅವರೇ ಇರಬೇಕು. ಮೊದಲ ಸಭೆಗೆ ಡಿಸೈನ್ ಮೇಡಮ್ಮನ್ನು 'ಎರಡು ಮಾತಿಗೆ' ಕರೆದರು. ರ್‍ಯಾಂಪ್ ಮೇಲಿನ ಸ್ಟ್ಯಾಂಡಿ ತೆಗೆಸಿ ಅಂತ ಅವರು ಒಂದೇ ಮಾತಿನಲ್ಲಿ ಮುಗಿಸಿದರು. ನಡಾವಳಿಯಲ್ಲಿ 'ಸ್ಫೂರ್ತಿದಾಯಕ ಅನುಭವ ಹಂಚಿಕೊಂಡರು' ಎಂದು ಬರೆಯಲಾಯಿತು.

ಸಭೆಯ ನೆನಪಿಗೆ ಫೋಟೊ ಬೇಡವೇ? ಮೇಡಂ ರ್‍ಯಾಂಪ್ ಇಳಿದು ಬರುವ ಹಾಗೆ ಒಂದು ತೆಗೆಯೋಣ ಅಂದರು. ಅವರು ಅರ್ಧ ಇಳಿದು ಸ್ಟ್ಯಾಂಡಿ ಎದುರು ನಿಂತರು. "ಇದನ್ನ ಚೂರು ಆಚೆ ಇಡ್ತೀರಾ?"

ಫೋಟೊಗ್ರಾಫರ್ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. "ಬೇಡ ಮೇಡಂ, 'ಸ್ವಾಗತ' ಫ್ರೇಮಿಂದ ಹೊರಗೆ ಹೋಗುತ್ತೆ. ನೀವೇ ಚೂರು ಹಿಂದೆ ಹೋಗಿ."