ಕಚ್ಚುವ ಮುನ್ನ ಕಲಂ ಓದಿ: ಸಾಕುನಾಯಿಗಳಿಗೊಂದು ಕಾನೂನು ಕೈಪಿಡಿ

ಮಾನ್ಯ ಸಾಕುನಾಯಿಗಳೇ,

ನಿಮ್ಮ ಬೀದಿ ಬಂಧುಗಳ ವಿಷಯದಲ್ಲಿ 2025ರಲ್ಲಿ ಎಷ್ಟು ಗದ್ದಲವಾಯಿತೆಂದು ನೀವು ಸೋಫಾದ ಮೇಲಿಂದಲೇ ನೋಡಿದ್ದೀರಿ. ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಅದರ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ ಎಂದಿತು. ಹನ್ನೊಂದು ದಿನಕ್ಕೆ ಇನ್ನೊಂದು ಪೀಠ ಬಂದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದದ್ದನ್ನೂ ಮೇಲೆ ಬೀಳುವ ಸ್ವಭಾವದ್ದನ್ನೂ ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರಂದು ಮತ್ತೊಂದು ಆದೇಶ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಿಡಿದವನ್ನು ವಾಪಸ್ ಅಲ್ಲಿಗೆ ಬಿಡಕೂಡದು. ಇಷ್ಟೆಲ್ಲದರ ನಡುವೆ ಕೊರಳಿಗೆ ಬೆಲ್ಟು, ಆಧಾರ್ ಇರುವ ಯಜಮಾನ, ಎ.ಸಿ. ಕೋಣೆ ಎಲ್ಲ ಇರುವ ನಿಮ್ಮನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನಿಮಗೆ ಬೇಕಾದ ರಕ್ಷಣೆಯೆಲ್ಲ ಕಾನೂನಿನಲ್ಲಿ ಆಗಲೇ ಇದೆ. ಅದನ್ನು ಬಳಸಿಕೊಳ್ಳುವ ಕ್ರಮ ಹೀಗೆ.

ಮೊದಲು ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಬಾಯಿಪಾಠ ಮಾಡಿಕೊಳ್ಳಿ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ಗಂಭೀರ ಗಾಯಕ್ಕೆ ಸಂಭವನೀಯ ಅಪಾಯ ಇದ್ದಾಗ, ಗೊತ್ತಿದ್ದೂ ಅಥವಾ ನಿರ್ಲಕ್ಷ್ಯದಿಂದ ಸಾಕಷ್ಟು ಮುನ್ನೆಚ್ಚರಿಕೆ ವಹಿಸದವರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ಸಿಗುವ ಅಪರಾಧ. 1860ರ ದಂಡ ಸಂಹಿತೆಯಲ್ಲಿ ಇದೇ ವಾಕ್ಯ 289ನೇ ನಂಬರಿನಲ್ಲಿತ್ತು, ದಂಡ ಸಾವಿರ ರೂಪಾಯಿ ಇತ್ತು. ಆ ಕಾಲದಲ್ಲಿ ಸಾವಿರ ಎಂದರೆ ಸಾಹುಕಾರನೂ ನಾಯಿ ಕಟ್ಟಿಹಾಕುತ್ತಿದ್ದ. 2024ರ ಜುಲೈ 1ರಿಂದ ವಸಾಹತುಶಾಹಿ ಕಾನೂನನ್ನು ಕಿತ್ತೊಗೆದೆವು ಎಂದು ಘೋಷಿಸಿದಾಗ ನಿಮ್ಮ ಪಾಲಿಗೆ ಆದದ್ದಿಷ್ಟು: 289 ಹೋಗಿ 291 ಬಂತು, ಒಂದು ಸಾವಿರ ಹೋಗಿ ಐದು ಸಾವಿರ ಬಂತು. ನಿಮ್ಮ ಯಜಮಾನರು ನಿಮ್ಮ ಹುಟ್ಟುಹಬ್ಬಕ್ಕೆ ಇದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾರೆ.

ಈಗ ಆ ಸೆಕ್ಷನ್ನಿನಲ್ಲಿ ಮೂಗು ತೂರಿಸಿ ಮೂಸಿ ನೋಡಿ. ‘ಗಂಭೀರ ಗಾಯ’ ಎಂದಿದೆ, ಬರೀ ‘ಗಾಯ’ ಎಂದಿಲ್ಲ. ಗಂಭೀರ ಯಾವುದು ಎಂಬುದಕ್ಕೆ 116ನೇ ಸೆಕ್ಷನ್ನಿನಲ್ಲಿ ಪಟ್ಟಿಯಿದೆ: ಕಣ್ಣು ಹೋಗಬೇಕು, ಕಿವಿ ಕೇಳದಂತಾಗಬೇಕು, ಕೈಕಾಲು ಊನವಾಗಬೇಕು, ಮುಖ ಶಾಶ್ವತವಾಗಿ ವಿಕಾರವಾಗಬೇಕು, ಮೂಳೆಯೋ ಹಲ್ಲೋ ಮುರಿಯಬೇಕು, ಇಲ್ಲವೇ ಜೀವಕ್ಕೆ ಅಪಾಯ ಬಂದಿರಬೇಕು, ಅಥವಾ ಹದಿನೈದು ದಿನ ತೀವ್ರ ನೋವಿರಬೇಕು, ಇಲ್ಲವೇ ಅಷ್ಟು ದಿನ ದಿನನಿತ್ಯದ ಕೆಲಸ ಮಾಡಲಾಗದಂತಿರಬೇಕು. ಹಳೆಯ ಕಾನೂನಿನಲ್ಲಿ ಇಪ್ಪತ್ತು ದಿನ ನರಳಬೇಕಿತ್ತು. ಹೊಸದರಲ್ಲಿ ಐದು ದಿನ ರಿಯಾಯಿತಿ ಕೊಟ್ಟಿದ್ದಾರೆ. ಹಾಗಾಗಿ ಮುಖ ಬಿಟ್ಟುಬಿಡಿ. ಮೂಳೆಗೆ ಹೋಗಬೇಡಿ, ಮನೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಮೀನಖಂಡ ಪ್ರಶಸ್ತ. ಕಚ್ಚಿಸಿಕೊಂಡವರು ಹದಿನಾಲ್ಕನೇ ದಿನ ಕುಂಟುತ್ತಲಾದರೂ ಆಫೀಸಿಗೆ ಹೋದರೆ ನಿಮ್ಮ ವಕೀಲರ ಕೆಲಸ ಅರ್ಧ ಮುಗಿದಂತೆ. ನಾಯಿಯ ಸ್ವಭಾವ ನೋಡಿದರೆ ಗಂಭೀರ ಗಾಯದ ಸಂಭವವೇ ಇರಲಿಲ್ಲ, ಆದದ್ದೇ ಅದಕ್ಕೆ ಸಾಕ್ಷಿ ಎಂದು ಅವರು ಕೈ ಕಟ್ಟಿ ನಿಲ್ಲುತ್ತಾರೆ.

ಸಾಧಾರಣ ಗಾಯಕ್ಕೂ 125ನೇ ಸೆಕ್ಷನ್ ಇದೆಯಲ್ಲ ಎಂದು ಯಾರಾದರೂ ಹೆದರಿಸಿದರೆ ಬಾಲ ಮುದುರಬೇಡಿ. ಅಲ್ಲೂ ಆರು ತಿಂಗಳು, ಐದು ಸಾವಿರವೇ ಮೇಲ್ಮಿತಿ. ಮೇಲಾಗಿ ಅದು ದುಡುಕಿನ ಅಥವಾ ನಿರ್ಲಕ್ಷ್ಯದ ‘ಕೃತ್ಯ’ಕ್ಕೆ ಸಂಬಂಧಿಸಿದ್ದು. ಕೃತ್ಯ ನಿಮ್ಮದು, ಯಜಮಾನರು ಆಗ ಫೋನಿನಲ್ಲಿದ್ದರು, ಪಾಪ.

ಇನ್ನು ಪರಿಹಾರದ ಮಾತು. ಕಚ್ಚಿಸಿಕೊಂಡವರಿಗೆ ಐದು ಸಾವಿರ ಸಿಗುತ್ತದೆಂದು ಭಾವಿಸಬೇಡಿ. ದಂಡ ಹೋಗುವುದು ಸರ್ಕಾರದ ಖಜಾನೆಗೆ. ಅದರಲ್ಲೇ ಪರಿಹಾರ ಕೊಡಿ ಎಂದು ನ್ಯಾಯಾಧೀಶರು ಬೇರೆಯಾಗಿ ಆದೇಶಿಸಿದರೆ ಉಂಟು. ಹೆಚ್ಚು ಬೇಕೆಂದರೆ ಅವರು ಸಿವಿಲ್ ದಾವೆ ಹೂಡಬೇಕು. ಅಲ್ಲಿ ನಿಮ್ಮನ್ನು ಕಾಯುವುದು ಇಂಗ್ಲಿಷರು ಬಿಟ್ಟುಹೋದ ಒಂದು ಹಳೆಯ ತತ್ವ. ಹುಲಿ ಸಾಕಿದವನು ಹುಲಿ ಮಾಡಿದ್ದಕ್ಕೆಲ್ಲ ಹೊಣೆ. ಆದರೆ ನಾಯಿ ಹುಟ್ಟಾ ಸಾಧುಪ್ರಾಣಿ. ಅದಕ್ಕೆ ಕಚ್ಚುವ ಚಾಳಿಯಿದೆ ಎಂಬುದು ಯಜಮಾನನಿಗೆ ಮೊದಲೇ ಗೊತ್ತಿತ್ತು ಎಂದು ತೋರಿಸಬೇಕು, ಇಲ್ಲವೇ ಅವನ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಗೊತ್ತಾಗುವುದು ಹೇಗೆ? ಹಿಂದೆ ಯಾರನ್ನೋ ಕಚ್ಚಿರಬೇಕು. ಹಾಗಾಗಿ ಮೊದಲ ಸಲ ಕಚ್ಚಿದ್ದು ಯಜಮಾನನ ಪಾಲಿಗೆ ಜ್ಞಾನಾರ್ಜನೆ.

ಆ ಜ್ಞಾನ ಹತ್ತಿರ ಸುಳಿಯದಂತೆ ನೋಡಿಕೊಳ್ಳುವ ಕಲೆ ನಿಮ್ಮವರಿಗೆ ಕರಗತ. ಲಿಫ್ಟಿನ ಬಾಗಿಲು ತೆರೆಯುತ್ತದೆ, ಮೂವತ್ತೈದು ಕಿಲೋ ತೂಕದ ನೀವು ಹಲ್ಲು ಕಿರಿದು ನಿಂತಿದ್ದೀರಿ, ಹಗ್ಗ ಯಜಮಾನಿಯ ಭುಜದ ಮೇಲೆ ಶಲ್ಯದಂತೆ ಇಳಿಬಿದ್ದಿದೆ. “ಬನ್ನಿ ಅಂಕಲ್, ಏನೂ ಮಾಡಲ್ಲ ಅವನು.” ಅಂಕಲ್ ಒಳಗೆ ಬರುತ್ತಾರೆ. ಗಬಕ್. “ಅಯ್ಯೋ, ಯಾವತ್ತೂ ಹೀಗೆ ಮಾಡಿಲ್ಲ! ನೀವು ಹೆದರಿದ್ರಿ ನೋಡಿ, ಅದಕ್ಕೇ.” ಎರಡೇ ವಾಕ್ಯದಲ್ಲಿ ಪೂರ್ವಜ್ಞಾನ ನಿರಾಕರಣೆಯೂ ಆಯಿತು, ತಪ್ಪನ್ನು ಗಾಯಾಳುವಿನ ಮೇಲೆ ಹೊರಿಸಿದ್ದೂ ಆಯಿತು. ಐದು ವರ್ಷ ಕಾನೂನು ಓದಿದವರಿಗೂ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಆದರೆ ಇದೇ ಮನೆಯ ಗೇಟಿನಲ್ಲಿ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ ತೂಗುತ್ತಿದ್ದರೆ ಇವತ್ತೇ ಹಲ್ಲಿನಿಂದ ಕಿತ್ತುಹಾಕಿ. ನಿಮ್ಮವರು ಅದನ್ನು ಗುರಾಣಿ ಎಂದುಕೊಂಡಿದ್ದಾರೆ. ಎದುರು ಪಕ್ಷದ ವಕೀಲ ಅದನ್ನೇ ಫೋಟೋ ತೆಗೆದು ‘ನಾಯಿ ಅಪಾಯಕಾರಿ ಎಂದು ಇವರಿಗೆ ಗೊತ್ತಿತ್ತು ಸ್ವಾಮಿ, ಇವರ ಕೈಬರಹದಲ್ಲೇ ಇದೆ’ ಎಂದು ಹಾಜರುಪಡಿಸಬಹುದು.

ಮೂತಿಗೆ ಕುಕ್ಕೆ ಹಾಕುತ್ತಾರೆಂಬ ಭಯವೂ ಬೇಡ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘ ನಿಮ್ಮನ್ನು ನಿಷೇಧಿಸುವಂತಿಲ್ಲ, ಕುಕ್ಕೆಗೆ ಒತ್ತಾಯಿಸುವಂತಿಲ್ಲ. ಹಗ್ಗ ಹಿಡಿದುಕೊಳ್ಳಿ ಎಂದು ಯಜಮಾನರಿಗೆ ಸಲಹೆ ಮಾತ್ರ. ಹಗ್ಗ ಹಿಡಿಯುವುದಕ್ಕೂ ನಿಯಂತ್ರಣದಲ್ಲಿ ಇಡುವುದಕ್ಕೂ ವ್ಯತ್ಯಾಸವಿದೆ ಎಂಬುದು ಎಂಟು ಮೀಟರ್ ಬಿಚ್ಚಿಕೊಳ್ಳುವ ಆ ಸುರುಳಿ ಹಗ್ಗ ಕೊಂಡ ಮನೆಯ ನಾಯಿಗಳಿಗೆ ಚೆನ್ನಾಗಿ ಗೊತ್ತು. ಗುಂಡಿ ಒತ್ತುವಷ್ಟರಲ್ಲಿ ನಿಮ್ಮ ಕೆಲಸ ಮುಗಿದಿರುತ್ತದೆ.

ಗಾಯವನ್ನು ಅಳೆಯುವುದರಲ್ಲಿ ದೇಶಕ್ಕೆ ಒಂದು ಅಳತೆಗೋಲು ಸಾಲದು, ಮೂರಿವೆ. ವೈದ್ಯರು ಚರ್ಮ ನೋಡುತ್ತಾರೆ. ಒಂದೇ ಒಂದು ಹಲ್ಲು ಚರ್ಮ ದಾಟಿ ರಕ್ತ ಬಂದರೂ ಅದು ಮೂರನೇ ವರ್ಗ, ಅಂದರೆ ಅತಿ ಅಪಾಯದ್ದು: ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು, ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯ ಚುಚ್ಚಬೇಕು (ಮನುಷ್ಯರಕ್ತದಿಂದ ಮಾಡಿದ್ದಾದರೆ ತೂಕದ ಕಿಲೋಗೆ 20 ಯೂನಿಟ್, ಕುದುರೆಯದ್ದಾದರೆ 40), ಅದಿಲ್ಲದೆ ಹೊಲಿಗೆ ಹಾಕಕೂಡದು, ಸ್ನಾಯುವಿಗೆ ಕೊಡುವ ಲಸಿಕೆಯಾದರೆ 0, 3, 7, 14 ಮತ್ತು 28ನೇ ದಿನ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು, ಅದಕ್ಕೇ ಈ ಅವಸರ. ಅದೇ ಗಾಯ ಪೊಲೀಸ್ ಠಾಣೆಗೆ ಬಂದರೆ ‘ಸಾಧಾರಣ ಸ್ವರೂಪದ್ದು’. ವೈದ್ಯರ ಕಡತದಲ್ಲಿ ಸಾವಿನಂಚು, ಠಾಣೆಯ ಕಡತದಲ್ಲಿ ಪರಚು. ಆಸ್ಪತ್ರೆಯಲ್ಲಿ ಎಂ.ಎಲ್‌.ಸಿ. (ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ) ಮಾಡಿಸದೆ ಬರೀ ಇಂಜೆಕ್ಷನ್ ತೆಗೆದುಕೊಂಡು ಬಂದಿದ್ದರಂತೂ ಪರಚೂ ಇಲ್ಲ.

“ನಮ್ಮದಕ್ಕೆ ವ್ಯಾಕ್ಸಿನ್ ಆಗಿದೆ ರೀ” ಎಂದು ಯಜಮಾನರು ತರುವ ಪುಸ್ತಕವನ್ನು ನೀವೂ ಒಮ್ಮೆ ನೋಡಿ. ‘ಬ್ರೂನೋ, ಗಂಡು, ಕಂದು ಬಣ್ಣ.’ ಊರಿನ ಅರ್ಧ ನಾಯಿಗಳಿಗೆ ಅದು ಹೊಂದುತ್ತದೆ. ಚರ್ಮದಡಿ ಇಡುವ, ಹದಿನೈದು ಅಂಕಿಯ, ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ಇದ್ದರೆ ಯಾವ ಬ್ರೂನೋ, ಯಾರ ಬ್ರೂನೋ ಎಂದು ಒಂದು ರೀಡರ್ ಹಿಡಿದರೆ ತಿಳಿದೀತು. ಅದಕ್ಕೇ ಅದು ಎಲ್ಲೆಡೆ ಕಡ್ಡಾಯವಾಗಿಲ್ಲವೇನೋ. ಲಸಿಕೆಯಾದ ನಾಯಿ ಕಚ್ಚಿದರೂ ಚಿಕಿತ್ಸೆ ಶುರುಮಾಡಿ ನಾಯಿಯನ್ನು ಹತ್ತು ದಿನ ಗಮನಿಸಬೇಕು ಎಂಬುದು ನಿಯಮ. ಆ ಹತ್ತು ದಿನ ನೀವು ಊರಿನ ಅಜ್ಜಿಮನೆಗೆ ಹೋಗಿರುತ್ತೀರಿ.

ಮೂರನೇ ಅಳತೆಗೋಲು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನದು. ನವೆಂಬರ್ 2023ರ ತೀರ್ಪಿನಂತೆ ನಾಯಿ ಕಚ್ಚಿದರೆ ಪ್ರತಿ ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತುಬಂದಿದ್ದರೆ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000. ಅಲ್ಲಿಗೆ ಸೆಂಟಿಮೀಟರಿಗೆ ಒಂದು ಲಕ್ಷ; ನಿವೇಶನದ ದರವೂ ಇಷ್ಟಿಲ್ಲ. ವಯಸ್ಕ ನಾಯಿಗೆ ನಲವತ್ತೆರಡು ಹಲ್ಲು, ನಾಲ್ಕು ಕೋರೆಹಲ್ಲು ಇಳಿಸಿದರೂ ನಲವತ್ತು ಸಾವಿರ. ನಕ್ಕುಬಿಡಬೇಡಿ, ಇದ್ದುದರಲ್ಲಿ ಗಾಯಾಳುವಿನ ಕೈಗೆ ನೇರ ಹಣ ಕೊಡಿಸಲು ಹೊರಟ ತೀರ್ಪು ಇದು. ಆದರೆ ಅದು ಹುಟ್ಟಿದ್ದು ಬೀದಿಯ ಪ್ರಾಣಿಗಳ ಲೆಕ್ಕಕ್ಕೆ, ಮೊದಲ ಹೊಣೆ ರಾಜ್ಯ ಸರ್ಕಾರದ್ದು. ಆದ್ದರಿಂದ ಚಂಡೀಗಢದಲ್ಲಿ ಕಚ್ಚಿಸಿಕೊಳ್ಳುವವರು ಪಕ್ಕದ ಮನೆಯ ಸಾಕುನಾಯಿಯನ್ನು ಬಿಟ್ಟು ಬೀದಿನಾಯಿಯನ್ನು ಆರಿಸಿಕೊಳ್ಳುವುದು ಲಾಭ.

ಇದರಿಂದ ನಿಮ್ಮ ಯಜಮಾನರಿಗೆ ಹೊಳೆಯಬಹುದಾದ ಒಂದು ಉಪಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀವು ಎರಡನೇ ಸಲ ಕಚ್ಚಿದಿರಿ, ಈಗ ‘ಗೊತ್ತಿರಲಿಲ್ಲ’ ಎನ್ನುವಂತಿಲ್ಲ. ಒಂದು ರಾತ್ರಿ ಕಾರಿನಲ್ಲಿ ಕೂರಿಸಿ, ರಿಂಗ್ ರೋಡಿನಾಚೆ ಇಳಿಸಿ, ಬೆಲ್ಟು ಬಿಚ್ಚಿಕೊಂಡು ಬರುತ್ತಾರೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಪ್ರಕಾರ ಸಾಕಿದ ಪ್ರಾಣಿಯನ್ನು ಹಸಿದು ನರಳಲು ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ, ಐವತ್ತು ಮೀರದಂತೆ. ರಿಂಗ್ ರೋಡಿನ ಹೋಟೆಲಿನ ಮುಂದೆ ಕಾರು ನಿಲ್ಲಿಸುವುದಕ್ಕೆ ಇದಕ್ಕಿಂತ ಹೆಚ್ಚಾಗುತ್ತದೆ. ಬೆಲ್ಟು ಬಿಚ್ಚಿದ ಆ ಕ್ಷಣದಿಂದ ನೀವು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ‘ಬೀದಿ ಪ್ರಾಣಿ’. ನಿಮ್ಮ ಮೂರನೇ ಕಡಿತದ ಹೊಣೆ ಪಾಲಿಕೆಯದು, ಸರ್ಕಾರದ್ದು, ತೆರಿಗೆ ಕಟ್ಟುವ ಅದೇ ಲಿಫ್ಟಿನ ಅಂಕಲ್‌ದು. ಐವತ್ತು ರೂಪಾಯಿಗೆ ಹೊಣೆ ವರ್ಗಾವಣೆ. ನೋಂದಣಿ ಶುಲ್ಕ, ಮುದ್ರಾಂಕ ಶುಲ್ಕ ಯಾವುದೂ ಇಲ್ಲ.

ಸುಧಾರಣೆಯ ಪ್ರಯತ್ನ ಆಗಿಯೇ ಇಲ್ಲ ಎನ್ನಲಾಗದು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಇಪ್ಪತ್ಮೂರು ‘ಉಗ್ರ’ ತಳಿಗಳನ್ನು ಸಾಕಬಾರದೆಂದು ಸುತ್ತೋಲೆ ಹೊರಡಿಸಿತು. ಪಟ್ಟಿಯಲ್ಲಿ ಟೋಸಾ ಇನು ಇತ್ತು. ಸ್ವಲ್ಪ ಕೆಳಗೆ ಜಪಾನೀಸ್ ಟೋಸಾ ಇತ್ತು. ಎರಡೂ ಒಂದೇ ನಾಯಿ. ಹೆಚ್ಚು ಅಪಾಯಕಾರಿ ಎಂದು ಎರಡು ಸಲ ನಿಷೇಧಿಸಿದರೋ ಏನೋ. ಬರೀ ‘ಟೆರಿಯರ್‌ಗಳು’ ಎಂದೂ ಇತ್ತು. ಕೈಚೀಲದಲ್ಲಿ ಕೂರುವ ಯಾರ್ಕ್‌ಷೈರ್ ಟೆರಿಯರ್ ಕೂಡ ಅದರೊಳಗೇ ಬಂತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು. ಸುತ್ತೋಲೆಯಲ್ಲಿ ನಾಯಿಯ ಜಾತಿ ಎಷ್ಟು ವಿವರವಾಗಿತ್ತೋ, ಕಚ್ಚಿದ ಮೇಲೆ ಆಸ್ಪತ್ರೆ ಬಿಲ್ಲು ಯಾರು ಕಟ್ಟಬೇಕು ಎಂಬುದು ಅಷ್ಟೇ ನಾಪತ್ತೆಯಾಗಿತ್ತು. ಜಾತಿ ಕೇಳಿ ಹೊಣೆ ಮರೆಯುವುದು ನಮಗೇನೂ ಹೊಸದಲ್ಲವಲ್ಲ.

ನೀವು ನಿಜಕ್ಕೂ ಹೆದರಬೇಕಾದದ್ದು ಬೇರೆ ದೇಶಗಳಲ್ಲಿರುವ ಎರಡು ಸಾಲಿನ ಕಾನೂನುಗಳಿಗೆ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಜಾಗದಲ್ಲೋ ನ್ಯಾಯವಾಗಿ ಕಾಲಿಟ್ಟ ಖಾಸಗಿ ಜಾಗದಲ್ಲೋ ನಾಯಿ ಕಚ್ಚಿದರೆ ಯಜಮಾನನೇ ಹೊಣೆ. ಅದರ ಚಾಳಿ ಅವನಿಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳುವುದೇ ಇಲ್ಲ. ಜರ್ಮನಿಯಲ್ಲೂ ಮನೆಯಲ್ಲಿ ಪ್ರೀತಿಗೆಂದು ಸಾಕಿದ ಪ್ರಾಣಿಗೆ ಹೀಗೇ. ಮೇಲಾಗಿ ಬರ್ಲಿನ್ನಿನಂಥ ಕಡೆ ನಾಯಿಗೆ ಹೊಣೆಗಾರಿಕೆ ವಿಮೆ ಕಡ್ಡಾಯ. ಇಂಥದ್ದು ಇಲ್ಲಿಗೆ ಬಂದರೆ ‘ಏನೂ ಮಾಡಲ್ಲ ಅವನು’ ಎಂಬ ವಾಕ್ಯಕ್ಕೆ ಕಿಲುಬು ಕಾಸಿನ ಬೆಲೆಯೂ ಇರುವುದಿಲ್ಲ, ವಿಮಾ ಕಂಪನಿ ನಿಮ್ಮ ಹಿಂದಿನ ಕಡಿತಗಳ ಲೆಕ್ಕ ನೋಡಿ ಕಂತು ಏರಿಸುತ್ತದೆ, ಹಗ್ಗ ತಾನಾಗಿಯೇ ಭುಜದಿಂದ ಮುಷ್ಟಿಗೆ ಇಳಿಯುತ್ತದೆ. ಬರುವ ಲಕ್ಷಣವಂತೂ ಸದ್ಯಕ್ಕೆ ಇಲ್ಲ, ನಿಶ್ಚಿಂತೆಯಿಂದ ಮಲಗಿ.

ಒಂದೇ ಒಂದು ಎಚ್ಚರಿಕೆ. ಯಜಮಾನರು ನಿಮ್ಮನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವಾಗ ಸಿಗ್ನಲ್ಲಿನಲ್ಲಿ ಪಕ್ಕದವರ ಮಂಡಿಗೆ ಬಾಯಿ ಹಾಕಬೇಡಿ. ಸ್ಕೂಟರಿಗೆ ನಂಬರ್ ಪ್ಲೇಟಿದೆ, ಮಾಲೀಕನ ವಿಳಾಸವಿದೆ, ಕಡ್ಡಾಯ ಥರ್ಡ್ ಪಾರ್ಟಿ ವಿಮೆಯಿದೆ, ಪರಿಹಾರ ಕೊಡಿಸಲೆಂದೇ ಕೂತ ನ್ಯಾಯಮಂಡಳಿಯೂ ಇದೆ. ಇದು ವಾಹನದ ಬಳಕೆಯಿಂದಾದ ಗಾಯ ಎಂದು ಯಾರಾದರೂ ಚುರುಕು ವಕೀಲ ವಾದ ಹೂಡಿಯಾನು.