ಪ್ರಭಾರ ಚಕ್ರವರ್ತಿಯ ಒಡ್ಡೋಲಗ

ಜಿಲ್ಲಾ ಪಂಚಾಯತ್ ಚುನಾವಣೆಗೆ ರಾಜ್ಯ ಸರ್ಕಾರಕ್ಕೆ ಮತ್ತೆ ಸಮಯ ಬೇಕಂತೆ. ಕೇಳಲಿ ಬಿಡಿ, ಕೇಳುವುದಕ್ಕೇನು ಜಿಎಸ್‌ಟಿ ಉಂಟಾ?

ಈಚೆಗೆ ಮಂಗಳೂರಿನ ಹುಡುಗರೆಲ್ಲ ಕಾದಂಬರಿಗೋ ಗೇಮಿಗೋ ಒಂದೊಂದು ಕಲ್ಪಿತ ಸಾಮ್ರಾಜ್ಯ ಕಟ್ಟುತ್ತಿದ್ದಾರೆ. ಭೂಪಟ ಉಂಟು, ಮೂರು ಚಂದ್ರ ಉಂಟು, ತಲೆಮಾರುಗಳ ಶಾಪ ಉಂಟು. ಆಡಳಿತ ಹೇಗೆ ಅಂತ ಕೇಳಿದರೆ ‘ರಾಜ ಇದ್ದಾನಲ್ಲ’ ಅನ್ನುತ್ತಾರೆ. ರಾಜ ಇದ್ದು ಆಳುವುದು ಎಂತ ಕಲ್ಪನೆ ಮಾರಾಯ್ರೆ? ಯಾರೂ ಇಲ್ಲದೆ ಆಳಬೇಕು. ತೆಗೊಳ್ಳಿ, ಪುಕ್ಕಟೆ ಕೊಡುತ್ತೇನೆ. ಸಾಮ್ರಾಜ್ಯದ ಹೆಸರು ಮುಂದೂಡುನಾಡು.

ಮುಂದೂಡುನಾಡಿನಲ್ಲಿ ಸಿಂಹಾಸನ ಖಾಲಿ, ಅದಕ್ಕೆ ಪ್ಲಾಸ್ಟಿಕ್ ಹೊದೆಸಿ ಇಟ್ಟಿದ್ದಾರೆ. ಪಕ್ಕದ ಕುರ್ಚಿಯಲ್ಲಿ ಕೂತವರು ಪ್ರಭಾರ ಚಕ್ರವರ್ತಿಗಳು. ಮೂಲ ಹುದ್ದೆ ಬೇರೆಲ್ಲೋ, ಚಕ್ರವರ್ತಿಗಿರಿ ಹೆಚ್ಚುವರಿ ಹೊಣೆ. ನೇಮಕದ ಆದೇಶ ಮುಗಿಯುವುದು ‘ಮುಂದಿನ ಆದೇಶದವರೆಗೆ’ ಎಂಬಲ್ಲಿಗೆ. ರಾಜಮುದ್ರೆಯಲ್ಲೂ ಅದನ್ನೇ ಕೆತ್ತಿಸಿದ್ದಾರೆ.

ಮೊದಲು ಅಲ್ಲೊಂದು ಮಹಾಸಭೆ ಇತ್ತು, ನಮ್ಮ ಮಹಾನಗರ ಪಾಲಿಕೆಯ ಹಾಗೆ 60 ಜನ. ಗಲಾಟೆಯೋ ಗಲಾಟೆ. ಮೈಕ್ ಎಳೆದಾಡುವುದು, ಪೀಠದ ಮುಂದೆ ಕೂರುವುದು, ಕೋರಂ ಇಲ್ಲವೆಂದು ಎದ್ದು ಹೋಗುವುದು. ಈಗ ಪರಮ ಶಾಂತಿ. ಬೆಳಿಗ್ಗೆ ಚಕ್ರವರ್ತಿಗಳು ಅಧಿಕಾರಿಯಾಗಿ ಟಿಪ್ಪಣಿ ಮಂಡಿಸುತ್ತಾರೆ, ಊಟ ಆದ ಮೇಲೆ ತಾವೇ ಸಭೆಯಾಗಿ ಅದಕ್ಕೆ ಒಪ್ಪಿಗೆ ಕೊಡುತ್ತಾರೆ. ಹಸಿರು ಶಾಯಿಯ ಅದೇ ಪೆನ್ನು. ವಿರೋಧ ಪಕ್ಷ ಬೇಕೆನಿಸಿದ ದಿನ ಪೆನ್ನು ಎಡಗೈಗೆ.

ನಮ್ಮ ಯಕ್ಷಗಾನದ ದೇವೇಂದ್ರ ಇದಕ್ಕಿಂತ ಎಷ್ಟೋ ವಾಸಿ. ಒಡ್ಡೋಲಗದಲ್ಲಿ ಚೆಂಡೆಗೆ ಸರಿಯಾಗಿ ಕುಣಿದು, ರಥದ ಮೇಲೆ ಕೂತು, ಮಳೆ ಬೆಳೆ ಹೇಗುಂಟೆಂದು ಒಂದು ಸಲವಾದರೂ ವಿಚಾರಿಸುತ್ತಾನೆ. ಅಲ್ಲಿ ರಕ್ಕಸನೂ ಪ್ರಾಮಾಣಿಕ: ದೊಂದಿ ಬೆಳಕಿನಲ್ಲಿ ಅಬ್ಬರಿಸುತ್ತಾ ಬಂದು ‘ನಾನೇ ರಕ್ಕಸ’ ಅನ್ನುತ್ತಾನೆ. ಮುಂದೂಡುನಾಡಿನ ರಕ್ಕಸನಿಗೆ ವೇಷವೂ ಇಲ್ಲ, ಪ್ರವೇಶವೂ ಇಲ್ಲ. ಅವನ ಹೆಸರು ತಾಂತ್ರಿಕ ಕಾರಣ.

ಡ್ರ್ಯಾಗನ್ ಬೇಕೇ ಬೇಕೆನ್ನುವವರಿಗೆ ಅದೂ ಒಂದಿದೆ. ಆದರೆ ಅದು ಯಾವ ಇಲಾಖೆಗೆ ಸೇರಿದ್ದೆಂದು ಇನ್ನೂ ತೀರ್ಮಾನ ಆಗಿಲ್ಲ. ಬೆಂಕಿ ಉಗುಳುತ್ತದೆ, ಅಗ್ನಿಶಾಮಕದವರು ನೋಡಲಿ ಎನ್ನುತ್ತದೆ ಪಶುಸಂಗೋಪನೆ. ಮೊಟ್ಟೆ ಇಡುತ್ತದೆ, ಪಶುಸಂಗೋಪನೆಯವರೇ ನೋಡಲಿ ಎನ್ನುತ್ತದೆ ಅಗ್ನಿಶಾಮಕ. ಅರಣ್ಯದವರು ಬಂದು ಬಾಲ ಅಳೆದು, ‘ಬಾಲ ಕಂದಾಯ ಭೂಮಿಯಲ್ಲಿದೆ, ಜಂಟಿ ಸರ್ವೆ ಆಗಬೇಕು’ ಎಂದು ಷರಾ ಬರೆದು ಹೋದರು. ಅಷ್ಟರಲ್ಲಿ ಅದು ಎರಡು ಗ್ರಾಮ ಸುಟ್ಟಿತ್ತು. ಪರಿಹಾರದ ಅರ್ಜಿಗೆ ಸುಟ್ಟ ಮನೆಯ ತೆರಿಗೆ ರಶೀದಿ ಲಗತ್ತಿಸಬೇಕು.

ಇನ್ನು ಮುಂದೂಡುವ ಶಾಸ್ತ್ರ. ಚುನಾವಣೆ ಮಾಡುವುದಿಲ್ಲ ಎಂದು ಬಾಯಿಬಿಟ್ಟು ಹೇಳುವವರು ಹವ್ಯಾಸಿಗಳು. ಕಸುಬು ಬಲ್ಲವರು ಮೊದಲು ಕ್ಷೇತ್ರ ಪುನರ್ವಿಂಗಡಣೆ ಎನ್ನುತ್ತಾರೆ. ಚುನಾವಣಾ ಆಯೋಗ ಅಳೆದು ಮುಗಿಸುವ ಹೊತ್ತಿಗೆ ಕಾನೂನು ತಿದ್ದಿ, ಅಳತೆ ಟೇಪನ್ನು ಕಿತ್ತು ಬೇರೊಂದು ಆಯೋಗಕ್ಕೆ ಕೊಡಬೇಕು. ಹೊಸ ಆಯೋಗಕ್ಕೆ ಮೇಜು ಕುರ್ಚಿ ಬರುವಾಗಲೇ ಒಂದು ಮಳೆಗಾಲ ಹೋಗಿರುತ್ತದೆ. ಕರಡು ಬಂತೋ, ಆಕ್ಷೇಪಣೆ ಕರೆಯಿರಿ. ಆಮೇಲೆ ಮೀಸಲಾತಿ ಪಟ್ಟಿ. ಅದರಲ್ಲಿ ಒಂದಾದರೂ ತಪ್ಪು ಇರಲೇಬೇಕು, ಇಲ್ಲವಾದರೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಪಾಕ ಕೆಟ್ಟಿತು. ಕೇಸು ಬಿದ್ದ ಮೇಲೆ ಆರಾಮ: ‘ವಿಷಯ ನ್ಯಾಯಾಲಯದಲ್ಲಿದೆ’.

ಒಂದೇ ಅಪಾಯ, ಕೋರ್ಟಿಗೇ ಸಿಟ್ಟು ಬರುವುದು. 2022ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿಗೆ ಹಾಗೆ ಬಂದು, ಈ ವಿಳಂಬಕ್ಕೆ ಸರ್ಕಾರದ ಮೇಲೆ 5 ಲಕ್ಷ ರೂಪಾಯಿ ದಂಡ ಹಾಕಿತು. ಮುಂದೂಡುನಾಡು ಅದಕ್ಕೂ ಹೆದರುವುದಿಲ್ಲ. ದಂಡ ಕಟ್ಟುವುದು ಬೊಕ್ಕಸ, ಬೊಕ್ಕಸ ತುಂಬುವುದು ಪ್ರಜೆ. ಓಟು ಸಿಗದವನೇ ಓಟು ಕೊಡದ ತಪ್ಪಿಗೆ ದಂಡ ತೆರುವಂಥ ವ್ಯವಸ್ಥೆಯನ್ನು ಯಾವ ಮಾಂತ್ರಿಕನೂ ಕಂಡುಹಿಡಿದಿರಲಿಕ್ಕಿಲ್ಲ.

ನಗುವುದಕ್ಕೂ ಸುಸ್ತಾಗುತ್ತದೆ. ಜಿಲ್ಲಾ ಪಂಚಾಯತಿಗೆ ನಾವು ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಮಂಗಳೂರು ಪಾಲಿಕೆಗೆ 2019ರ ನವೆಂಬರಿನಲ್ಲಿ ಆರಿಸಿ ಕಳಿಸಿದವರ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು. ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಿರಬೇಕು ಅಂತ ಪಂಚಾಯತಿಗೆ ಸಂವಿಧಾನದ 243ಇ, ನಗರಸಂಸ್ಥೆಗೆ 243ಯು ವಿಧಿ ಹೇಳುತ್ತದೆ. ಅದನ್ನು ಓದಲು ಯಾವ ಆಯೋಗ ಬೇಕು? 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಬರುತ್ತಿದ್ದ ಸಣ್ಣ ಮಗುವೊಂದು ಕಾಲುಸಂಕದಿಂದ, ಅಂದರೆ ನಡೆದು ದಾಟುವ ಕಿರುಸೇತುವೆಯಿಂದ, ಜಾರಿ ಹೊಳೆ ಪಾಲಾಯಿತು. ಸದಸ್ಯ ಇದ್ದಿದ್ದರೆ ಅಲ್ಲಿ ಗಟ್ಟಿ ಸಂಕ ಆಗಿಯೇ ಬಿಡುತ್ತಿತ್ತು ಎನ್ನುವುದಿಲ್ಲ. ಇದ್ದಾಗಲೂ ಎಷ್ಟೋ ಕಡೆ ಆಗಿರಲಿಲ್ಲ. ಆದರೆ ಆ ಸದಸ್ಯರ ಮನೆ ಜಗಲಿಗೆ ಹೋಗಿ ‘ಹ್ವಾಯ್, ಸಂಕ ಎಂತ ಆಯ್ತ್? ಓಟಿಗ್ ಬನ್ನಿ, ಕಾಂಬ’ ಎಂದು ಕೇಳಬಹುದಿತ್ತು. ಈಗ ಕೇಳುವುದಾದರೆ ಬಸ್ಸು ಹತ್ತಿ ಜಿಲ್ಲಾ ಕಚೇರಿ ಇರುವ ಮಣಿಪಾಲದ ಗುಡ್ಡಕ್ಕೆ ಹೋಗಬೇಕು. ಅಲ್ಲಿ ಇರುವ ಅಧಿಕಾರಿಗಳು ಓಟಿಗೆ ಬರುವವರಲ್ಲ.

ಕಾದಂಬರಿಗೆ ಪಟ್ಟಾಭಿಷೇಕದ ದೃಶ್ಯ ಬೇಕಲ್ಲ, ಅದನ್ನೂ ಬರೆದುಕೊಳ್ಳಿ. ಕಹಳೆ, ಕಿರೀಟ, ಆನೆ ಯಾವುದೂ ಬೇಡ. ಅಧಿಕಾರ ಹಸ್ತಾಂತರದ ಪ್ರಮಾಣಪತ್ರ, ನಾಲ್ಕು ಪ್ರತಿ. ಎಡಗಡೆ ‘ವಹಿಸಿಕೊಟ್ಟವರು’, ಬಲಗಡೆ ‘ವಹಿಸಿಕೊಂಡವರು’. ಹಳೆಯ ಚಕ್ರವರ್ತಿಗೆ ವರ್ಗಾವಣೆಯಾಗಿ ಆಗಲೇ ಹೊರಟಾಗಿದೆ, ಹಾಗಾಗಿ ಎಡಗಡೆ ಖಾಲಿ. ಕೆಳಗೆ ‘ಪೂರ್ವಾಹ್ನ / ಅಪರಾಹ್ನ’ ಎಂದಿರುತ್ತದೆ, ಅನ್ವಯಿಸದ್ದನ್ನು ಹೊಡೆದು ಹಾಕಬೇಕು. ಗುಮಾಸ್ತರು ಗಡಿಬಿಡಿಯಲ್ಲಿ ಎರಡನ್ನೂ ಹೊಡೆದು ಹಾಕಿದ್ದಾರೆ, ತಿದ್ದುಪಡಿ ಆದೇಶ ಬರುವವರೆಗೆ ಸಾಮ್ರಾಜ್ಯದಲ್ಲಿ ಸಂಬಳ ಬಟವಾಡೆ ಇಲ್ಲ.