ಬ್ಯಾಟರಿಯ ಲೆಕ್ಕವನ್ನು ಯಾಕೆ ಹೇಳುವುದಿಲ್ಲ?

ನಿನ್ನೆ ಸಂಜೆ ಪಕ್ಕದ ಮನೆಯ ಜಗುಲಿಯಲ್ಲಿ ಕುಳಿತು ಒಬ್ಬ ಸೋಲಾರ್ ಮಾರಾಟಗಾರನ ಮಾತು ಕೇಳಿದೆ. ಮಾಡಿನ ಮೇಲೆ 3 ಕಿಲೋವ್ಯಾಟ್ ಫಲಕ ಹಾಕಿಸಿದರೆ ಬಿಲ್ಲೂ ಇಲ್ಲ, ಕರೆಂಟು ಹೋಗುವ ಚಿಂತೆಯೂ ಇಲ್ಲ ಎಂದ. ಮರ ಬಿದ್ದು ದಿನಗಟ್ಟಲೆ ಲೈನ್ ಸತ್ತಿರುವ ಊರಿನಲ್ಲಿ ಈ ಮಾತು ಎಷ್ಟು ಹಿತವಾಗಿ ಕೇಳಿಸುತ್ತದೆ ಎಂದು ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಆದರೆ ಅದರ ಅರ್ಧ ಸುಳ್ಳು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲವಾದರೆ ತಂತಿ ಕಟ್ಟಲು ಕಂಬ ಹತ್ತಿದ ಲೈನ್‌ಮನ್ನಿನ ಜೀವಕ್ಕೆ ಅಪಾಯ. ಹಾಗಾದರೆ ಬ್ಯಾಟರಿಗೆ ಎಷ್ಟಾಗುತ್ತದೆ ಎಂದು ಕೇಳಿದೆ. "ಅದನ್ನು ಆಮೇಲೆ ನೋಡೋಣ ಸರ್" ಎಂದ.

ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ಆಮೇಲೆ ನೋಡುವ ವಿಷಯವೇ ಅದು? ಸಣ್ಣ ಪ್ರಮಾಣದ ವಿದ್ಯುತ್ತಿನಲ್ಲಿ ಹಣ ಸೋರುವುದು ಫಲಕದಲ್ಲಲ್ಲ, ಬ್ಯಾಟರಿಯಲ್ಲಿ.

ನಮ್ಮ ಮನೆಗಳಲ್ಲಿರುವ ಸಾಮಾನ್ಯ 12 ವೋಲ್ಟ್, 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯನ್ನೇ, ಅಂದರೆ ಇನ್ವರ್ಟರಿಗೆ ಹಾಕುವ ಸೀಸದ ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಕಾಗದದ ಮೇಲೆ ಅದರಲ್ಲಿ 1.8 ಯೂನಿಟ್ ಹಿಡಿಯುತ್ತದೆ. ಬೇಗ ಸಾಯಬಾರದು ಎಂದರೆ ಅರ್ಧದಷ್ಟು ಮಾತ್ರ ಬಳಸಬೇಕು, ಅಂದರೆ 0.9 ಯೂನಿಟ್. ಬೆಲೆ 15 ಸಾವಿರ ಎಂದಿಟ್ಟುಕೊಳ್ಳೋಣ, 1,200 ಸಲ ತುಂಬಿ ಖಾಲಿಯಾಗುತ್ತದೆ ಎಂದೂ ಇಟ್ಟುಕೊಳ್ಳೋಣ. ಅದರ ಇಡೀ ಆಯಸ್ಸಿನಲ್ಲಿ ಸಿಗುವುದು 1,080 ಯೂನಿಟ್. ಯೂನಿಟ್ಟಿಗೆ ಹತ್ತಿರ ಹತ್ತಿರ 14 ರೂಪಾಯಿ, ಅದೂ ಬರೀ ಕೂಡಿಡುವ ಖರ್ಚು. ಲೈನಿನ ಕರೆಂಟಿಗೆ ನಾವು ಕೊಡುವುದು 6 ರೂಪಾಯಿಯ ಆಸುಪಾಸು. ಅಷ್ಟು ಸಲ ತುಂಬಿ ಖಾಲಿಯಾಗಬೇಕಾದರೂ ಪ್ರತಿದಿನ ಬಳಸಬೇಕು. ಕರೆಂಟು ಹೋದಾಗ ಮಾತ್ರ, ವರ್ಷಕ್ಕೆ ನೂರು ರಾತ್ರಿ ಬಳಸಿದರೆ? ಬ್ಯಾಟರಿ ಸುಮ್ಮನೆ ಕುಳಿತರೂ ಮುದಿಯಾಗುತ್ತದೆ. ಐದು ವರ್ಷದಲ್ಲಿ ಅದು ಕೊಟ್ಟದ್ದು 450 ಯೂನಿಟ್, ಬಿದ್ದ ದರ 33 ರೂಪಾಯಿ. ಇದು ಐದನೆಯ ತರಗತಿಯ ಲೆಕ್ಕ. ಮಾರುವವರ ಕರಪತ್ರದಲ್ಲಿ ಮಾತ್ರ ಇರುವುದಿಲ್ಲ.

ಸಹಾಯಧನ ಇದೆಯಲ್ಲ ಎನ್ನುತ್ತಾರೆ. ಇದೆ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಿಗುತ್ತದೆ. ಅದು ಲೈನಿಗೆ ಜೋಡಿಸಿದ ಫಲಕಗಳಿಗೆ ಸಿಗುವ ಹಣ, ಬ್ಯಾಟರಿಗಲ್ಲ. ಅಷ್ಟಕ್ಕೂ ಪಕ್ಕದ ಮನೆಯವರಿಗೆ 2023ರಿಂದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದೆ. ಇಲ್ಲದ ಬಿಲ್ಲಿನಲ್ಲಿ ಉಳಿಸುವುದೇನನ್ನು?

ಲಿಥಿಯಂ ಬ್ಯಾಟರಿ ಅಗ್ಗವಾಗುತ್ತಿದೆ, ನಿಮ್ಮ ಲೆಕ್ಕ ಹಳೆಯದಾಯಿತು ಎಂದು ನನ್ನ ತಮ್ಮನೇ ವಾದಿಸುತ್ತಾನೆ. ಬೆಲೆ ಇಳಿಯುತ್ತಿರುವುದು ನಿಜ, ಸಾವಿರಾರು ಸಲ ತುಂಬಿಸಬಹುದು ಎನ್ನುವುದೂ ನಿಜ. ಬಯಲುಸೀಮೆಯ ಅಂಗಡಿಯವನು ದಿನವೂ ಬಳಸುವುದಾದರೆ ಖಂಡಿತ ಕೊಳ್ಳಲಿ. ಆದರೆ ಪುಷ್ಯ ಮಳೆಯಲ್ಲಿ ವಾರವಿಡೀ ಸೂರ್ಯ ಕಾಣದ ನಮ್ಮೂರಿನಲ್ಲಿ ಅದನ್ನು ಯಾವುದರಿಂದ ತುಂಬಿಸುವುದು? ಕರೆಂಟು ಹೆಚ್ಚು ಹೋಗುವುದೂ ಅದೇ ವಾರದಲ್ಲಿ.

ನಮ್ಮ ಮನೆಯಲ್ಲಿಯೂ ಬ್ಯಾಟರಿ ಇದೆ. ಅಮ್ಮನಿಗೆ ರಾತ್ರಿ ಆಮ್ಲಜನಕದ ಯಂತ್ರ ಬೇಕಾಗಿದ್ದ ದಿನಗಳಲ್ಲಿ ತಂದದ್ದು. ಆಗ ನಾನು ಯೂನಿಟ್ಟಿನ ದರ ಕೇಳಲಿಲ್ಲ, ಯಾವ ಮಗನೂ ಕೇಳುವುದಿಲ್ಲ. ಆ ಯಂತ್ರ 350 ವ್ಯಾಟ್ ಎಳೆಯುತ್ತದೆ, ಎಂಟು ಗಂಟೆಗೆ 2.8 ಯೂನಿಟ್, ಅಂದರೆ ಮೇಲೆ ಹೇಳಿದಂಥ ಬ್ಯಾಟರಿ ಒಂದಲ್ಲ, ಮೂರೂ ಸಾಲದು. ಇದನ್ನು ಮೊದಲೇ ಹೇಳದೆ ಒಂದೇ ಬ್ಯಾಟರಿ ಕೊಟ್ಟು ಕಳುಹಿಸುವವರು ಹಣವನ್ನು ಮಾತ್ರ ಕಸಿಯುವುದಿಲ್ಲ. ಆ ರಾತ್ರಿಗಳ ಭಯ ನೆನಪಿರುವುದರಿಂದಲೇ ಇಷ್ಟು ಕೋಪದಿಂದ ಬರೆಯುತ್ತಿದ್ದೇನೆ.

ಮಲೆನಾಡಿನಲ್ಲಿ ಬೇರೆ ದಾರಿ ಕಣ್ಣೆದುರಿಗೇ ಹರಿಯುತ್ತಿದೆ. ತೋಟದ ಮೇಲಿನ ಹಳ್ಳದಿಂದ ಸೆಕೆಂಡಿಗೆ 10 ಲೀಟರ್ ನೀರನ್ನು 10 ಮೀಟರ್ ಕೆಳಗೆ ಪೈಪಿನಲ್ಲಿ ಇಳಿಸಿದರೆ ಅದರಲ್ಲಿರುವ ಶಕ್ತಿ ಸುಮಾರು 980 ವ್ಯಾಟ್. ಸಣ್ಣ ಟರ್ಬೈನ್ ಅದರಲ್ಲಿ ಅರ್ಧ ಕಳೆದರೂ ಅರ್ಧ ಕಿಲೋವ್ಯಾಟ್ ಉಳಿಯುತ್ತದೆ. ಹಗಲು ರಾತ್ರಿ ತಿರುಗುವುದರಿಂದ ದಿನಕ್ಕೆ 12 ಯೂನಿಟ್. ಒಳ್ಳೆಯ ಬಿಸಿಲಿನ ದಿನ 3 ಕಿಲೋವ್ಯಾಟ್ ಸೋಲಾರ್ ಕೊಡುವುದೂ ಅಷ್ಟೇ! ಕೂಡಿಡುವ ಅಗತ್ಯವಿಲ್ಲ, ಹೆಚ್ಚಾದದ್ದನ್ನು ಬಚ್ಚಲಿನ ನೀರು ಕಾಯಿಸಲು ಬಿಟ್ಟರಾಯಿತು. ರಾಜ್ಯ ಸರ್ಕಾರದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಇಂಥವಕ್ಕೆ ಸಹಾಯಧನ ಕೊಟ್ಟದ್ದೂ ಉಂಟು. ಕಸ ಕಟ್ಟುತ್ತದೆ, ಬೇರಿಂಗ್ ಸವೆಯುತ್ತದೆ, ಮಳೆಯಲ್ಲಿ ನೆನೆದುಕೊಂಡು ಜಾಲರಿ ತೆಗೆಯಲು ಹೋಗಬೇಕು, ಎಲ್ಲವೂ ಹೌದು. ಬೇಸಿಗೆಗೆ ಹಳ್ಳ ಬತ್ತುತ್ತದೆ. ಆಗ ಬಿಸಿಲು ಧಾರಾಳ. ಸೋಲಾರ್ ಪಂಪಿನಿಂದ ಹಗಲಿನಲ್ಲಿ ನೀರೆತ್ತಿ ಎತ್ತರದ ತೊಟ್ಟಿಗೆ ತುಂಬಿಸಿ, ರಾತ್ರಿ ತನ್ನಷ್ಟಕ್ಕೆ ಅಡಿಕೆ ಬುಡಕ್ಕೆ ಇಳಿಯಲಿ. ಸಿಮೆಂಟಿನ ತೊಟ್ಟಿ ಐದು ವರ್ಷಕ್ಕೆ ಸಾಯುವುದಿಲ್ಲ. ಕೂಡಿಡುವುದಾದರೆ ನೀರನ್ನು ಕೂಡಿಡಿ, ಬಿಸಿಯನ್ನು ಕೂಡಿಡಿ. ಬ್ಯಾಟರಿಯನ್ನು ದೀಪಕ್ಕೆ, ಮೊಬೈಲಿಗೆ, ಕಾಯಿಲೆಯವರ ಕೋಣೆಗೆ ಮೀಸಲಿಡಿ.

ಈ ಮಾತನ್ನು ಮಾರಾಟಗಾರ ಹೇಳುವುದಿಲ್ಲ, ಹಳ್ಳದ ನೀರನ್ನು ಅವನು ಮಾರಲಾರ. ಆದ್ದರಿಂದ ಟರ್ಬೈನ್ ಕೂರಿಸಿರುವ ಗೆಳೆಯರು ಈ ಬರಹದ ಕೆಳಗೆ ಬರೆಯಿರಿ: ವರ್ಷಕ್ಕೆ ಎಷ್ಟು ತಿಂಗಳು ತಿರುಗುತ್ತದೆ, ರಿಪೇರಿಗೆ ಎಷ್ಟು ಹೋಗುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ. ನಷ್ಟವಾಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.